ಸಂಪಿಗೆಗೆ ಬಿದ್ದ ಕಣ್ಣು

ಸೋಲದೇವನಹಳ್ಳಿ
೧೨ ಮಾರ್ಚ್ ೨೦೨೪

ಕೌಸಲ್ಯಾ,

ನಿನ್ನ ಜೊತೆ ಮಾತಾಡುವುದಿಲ್ಲ ಎಂದು ಮಾರಮ್ಮನ ಮುಂದೆ ಕರ್ಪೂರ ಹಚ್ಚಿ ಆಣೆ ಇಟ್ಟಿದ್ದೇನೆ. ಬರೆಯುವುದಿಲ್ಲ ಎಂದು ಇಟ್ಟಿಲ್ಲ. ಅದಕ್ಕೇ ಈ ಕಾಗದ. ಫೋನ್ ಮಾಡಬೇಡ, ಮಾಡಿದರೂ ಎತ್ತುವುದಿಲ್ಲ. ಹುಲ್ಲಿನ ಗಾಡಿಯ ಗುಲಾಮ್ ರಸೂಲ್ ನಮ್ಮ ಮನೆಗೂ ಬರುತ್ತಾನೆ, ಅಮೃತಹಳ್ಳಿಯಲ್ಲಿ ನಿಮ್ಮ ಮನೆಗೂ ಬರುತ್ತಾನೆ. ಅವನ ಕೈಯಲ್ಲಿ ಕಳಿಸಿದ್ದೇನೆ.

ವಿಷಯ ಇಷ್ಟೇ. ನನ್ನ ಸಂಪಿಗೆಯ ಹಾಲು ಅರ್ಧಕ್ಕೆ ಇಳಿದಿದೆ. ಸಂಕ್ರಾಂತಿ ಕಳೆದ ವಾರ ಹಾಲು ಕರೆಯುವ ಸ್ಪರ್ಧೆಯಲ್ಲಿ ಹೆಸರಘಟ್ಟ ರಸ್ತೆಯ ಹಸುಗಳನ್ನೆಲ್ಲ ಹಿಂದೆ ಹಾಕಿ ಗೆದ್ದ ಹಸು ಅದು. ಡೈರಿಯಲ್ಲಿ ನನ್ನ ಕ್ಯಾನು ಕಂಡರೆ ಮಿಕ್ಕ ಹೆಂಗಸರು ದಾರಿ ಬಿಡುತ್ತಿದ್ದರು. ಈಗ ಅದೇ ಹೆಂಗಸರು ಕ್ಯಾನಿನೊಳಗೆ ಬಗ್ಗಿ ನೋಡಿ, "ಯಾಕ್ ರತ್ನಕ್ಕ, ಇಷ್ಟೇನಾ?" ಎನ್ನುತ್ತಾರೆ.

ಆ ಸ್ಪರ್ಧೆಯ ದಿನ ನೀನು ಬಂದಿದ್ದೆ. ಬಂದವಳು ಸುಮ್ಮನಿರಬೇಕೋ ಬೇಡವೋ? ಅಷ್ಟು ಜನರ ಎದುರು ಕೆಚ್ಚಲು ಸವರಿ, "ಅಬ್ಬಬ್ಬಾ, ಏನ್ ಕೆಚ್ಚಲಕ್ಕ ಇದು! ತುಂಬಿದ್ ಬಿಂದ್ಗೆ ಇದ್ದಂಗೈತಲ್ಲಾ!" ಎಂದೆ. ಒಂದು ಥೂ ಥೂ ಎನ್ನಲಿಲ್ಲ. ನೆಲದ ಮಣ್ಣು ಮುಟ್ಟಲಿಲ್ಲ. ಬಾಯಿ ನಗುತ್ತಿತ್ತು, ಕಣ್ಣು ನಗುತ್ತಿರಲಿಲ್ಲ. ನಿನ್ನನ್ನು ಎತ್ತಿ ಆಡಿಸಿದವಳು ನಾನು, ನಿನ್ನ ಕಣ್ಣು ನನಗೆ ಗೊತ್ತಿಲ್ಲವಾ? ನರರ ಕಣ್ಣಿಗೆ ಮರವೂ ಸಿಡಿಯುತ್ತದೆ ಎಂದು ಅಮ್ಮ ಸುಮ್ಮನೆ ಹೇಳುತ್ತಿರಲಿಲ್ಲ. ಫೆಬ್ರವರಿಯಲ್ಲಿ ಹಾಲು ಇಳಿಯಲು ಶುರುವಾಯಿತು. ಚಿಕ್ಕಪ್ಪನ ಮನೆಯ ನಾಮಕರಣದಲ್ಲಿ ಇದನ್ನೇ ನಿನ್ನ ಮುಖದ ಮೇಲೆ ಹೇಳಿದ್ದಕ್ಕೆ, "ನಿನ್ ಅಸೂನ ನಿನ್ ತಲೆ ಮೇಲಿಟ್ಕೊ" ಎಂದೆಯಲ್ಲ, ಅದಕ್ಕೇ ನನ್ನ ಆಣೆ.

ಈಗ ನನಗೆ ನಿನ್ನ ಕಾಲಧೂಳು ಬೇಕು. ಕಣ್ಣು ಹಾಕಿದವರ ಕಾಲಧೂಳನ್ನು ಉಪ್ಪು ಒಣಮೆಣಸಿನಕಾಯಿಯ ಜೊತೆ ಹಸುವಿಗೆ ನಿವಾಳಿಸಿ ಬೆಂಕಿಗೆ ಹಾಕಬೇಕು, ನೆನಪಿದೆಯಲ್ಲ? ಒಂದು ಹಿಡಿ ಸಾಕು. ಸಂಪಿಗೆ ಐದು ತಿಂಗಳ ಗಬ್ಬ. ಹಾಲು ಹೋದರೆ ಹೋಯಿತು, ಹೊಟ್ಟೆಯಲ್ಲಿರುವುದಕ್ಕೆ ಏನಾದರೂ ಆದರೆ ನಾನು ಸುಮ್ಮನಿರುವವಳಲ್ಲ.

ಅಕ್ಕ ಎಂದು ಬರೆಯಲು ಕೈ ಬರುತ್ತಿಲ್ಲ, ಆದರೂ ಅಕ್ಕ,
ರತ್ನ


ಅಮೃತಹಳ್ಳಿ
೧೯ ಮಾರ್ಚ್

ಅಕ್ಕ,

ನಿನ್ನ ಕಾಗದ ಓದಿ ಮೊದಲು ನಗು ಬಂತು, ಆಮೇಲೆ ಅಳು, ಆಮೇಲೆ ಸಿಟ್ಟು. ಸಿಟ್ಟು ಇನ್ನೂ ಹೋಗಿಲ್ಲ.

ಕಾಲಧೂಳು ಕೊಡುವುದಿಲ್ಲ. ಕೊಟ್ಟರೆ ಕಣ್ಣು ಹಾಕಿದ್ದು ನಾನೇ ಎಂದು ಒಪ್ಪಿಕೊಂಡ ಹಾಗೆ. ನಿನ್ನ ಹಸುವನ್ನು ಅಂದು ಊರೆಲ್ಲ ನೋಡಿತು. ಫೋಟೋ ತೆಗೆದರು, ವಿಡಿಯೋ ಮಾಡಿದರು. ಅವರ ಮನೆಗೆಲ್ಲ ಹೋಗಿ ಕಾಲಧೂಳು ಕೇಳಿದೆಯಾ? ತಂಗಿ ಒಬ್ಬಳೇ ಸಿಕ್ಕಿದಳಾ ನಿನಗೆ?

ನಾನು ಯಾಕಕ್ಕ ಹೊಟ್ಟೆಕಿಚ್ಚು ಪಡಲಿ? ಅಮ್ಮ ಸಾಯುವ ಮೊದಲು ಎರಡು ಕಡಸುಗಳನ್ನು ಹೊಂಗೆ ಮರಕ್ಕೆ ಕಟ್ಟಿಸಿ, "ದೊಡ್ಡೋಳು ಮೊದ್ಲು ಆರಿಸ್ಲಿ" ಎಂದಳು. ನೀನು ಹಿಂದೆ ಮುಂದೆ ನೋಡದೆ ಕಪ್ಪುಬಿಳುಪಿನ ಎತ್ತರದ ಸೀಮೆ ಕಡಸಿನ ಹಗ್ಗ ಹಿಡಿದೆ. ಕುಳ್ಳಿ ಕೆಂಪಿ ನನಗೆ ಉಳಿದಳು. ಆಗ ನಾನು ತುಟಿ ಬಿಚ್ಚಿದೆನಾ?

ಕೆಂಪಿಯ ವಿಷಯ ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ಅವಳು ಬಹಳ ಚೆನ್ನಾಗಿದ್ದಾಳೆ. ಒಂದು ತೊಟ್ಟು ಹಾಲೂ ಇಳಿದಿಲ್ಲ. ಬೇಸಿಗೆ ಬಂದದ್ದೇ ಅವಳಿಗೆ ಗೊತ್ತಿಲ್ಲ. ಅವಳೂ ಗಬ್ಬ, ಶ್ರಾವಣದಲ್ಲಿ ಕರು ಹಾಕುತ್ತಾಳೆ.

ಭಾವನವರಿಗೆ ನಮಸ್ಕಾರ.

ಕಣ್ಣು ನೆಟ್ಟಗಿರುವ ನಿನ್ನ ತಂಗಿ,
ಕೌಸಲ್ಯಾ


ಸೋಲದೇವನಹಳ್ಳಿ
೧ ಏಪ್ರಿಲ್

ಕೌಸಲ್ಯಾ,

ಒಂದು ತೊಟ್ಟೂ ಇಳಿದಿಲ್ಲವಾ? ಓದಿದಾಗ ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಯಿತು. ಯಾಕೆ ಮುಚ್ಚಿಡಲಿ, ಉರಿಯಿತು. ಅಮ್ಮನ ಮನೆ ನಿನಗೆ. ಅಮ್ಮ ನೆಟ್ಟ ಹೊಂಗೆ ಮರ ನಿನಗೆ. ಜಕ್ಕೂರು ಕೆರೆಯ ಗಾಳಿ ನಿನಗೆ. ನನಗೆ ಇದ್ದದ್ದು ಒಂದು ಹಸು, ಈಗ ಅದರ ಹಾಲೂ ನಿನ್ನ ಮನೆಯ ಕಡೆಗೇ ಹರಿದುಹೋಯಿತಾ?

ಸಂಪಿಗೆ ನಾಲಿಗೆ ಹೊರಗೆ ಹಾಕಿಕೊಂಡು ನಿಂತಿರುತ್ತಾಳೆ. ಬಾಯಿಂದ ಜೊಲ್ಲು ಸುರಿಯುತ್ತದೆ. ಮಲಗುವುದಿಲ್ಲ, ಬೂಸಾ ಮುಟ್ಟುವುದಿಲ್ಲ. ಗುಲಾಮ್ ರಸೂಲ್ ತಂದ ಜೋಳದ ಸೊಪ್ಪನ್ನು ಮೂಸಿ ಬಿಡುತ್ತಾಳೆ. ನಮ್ಮ ಬೋರ್‌ವೆಲ್ ಶಿವರಾತ್ರಿಗೆ ಮೊದಲೇ ಕೈಕೊಟ್ಟಿತು. ಟ್ಯಾಂಕರಿನವನು ಬಂದ ದಿನ ನೀರು, ಬಾರದ ದಿನ ಇಲ್ಲ.

ನಿಮ್ಮ ಭಾವ ಮೊದಲ ದಿನದಿಂದ ಒಂದೇ ಮಾತು. "ಬಿಸ್ಲು ಕಣೇ, ಈ ವರ್ಷ ಬಿಸ್ಲು ಮೈ ಸುಡ್ತೈತೆ. ಕಣ್ಣೂ ಇಲ್ಲ, ಮೂಗೂ ಇಲ್ಲ." ನಾನು ಕೇಳಿದೆ, ಬಿಸಿಲೇ ಆದರೆ ಕೆಂಪಿಯ ಮೇಲೂ ಬೀಳಬೇಕಲ್ಲ? ಸೋಲದೇವನಹಳ್ಳಿಗೆ ಒಬ್ಬ ಸೂರ್ಯ, ಅಮೃತಹಳ್ಳಿಗೆ ಇನ್ನೊಬ್ಬನಾ? ನಿನ್ನ ಕಾಗದ ತೆಗೆದು ಅವರ ಮುಂದೆ ಓದಿದೆ. ಅವರು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಬೀದಿಗೆ ಹೋದರು.

ಕಾಲಧೂಳು ಕಳಿಸು. ಇದು ಎರಡನೇ ಸಲ ಕೇಳುತ್ತಿರುವುದು.

ಕರುಳು ಸುಡುತ್ತಿರುವ,
ರತ್ನ


ಅಮೃತಹಳ್ಳಿ
೯ ಏಪ್ರಿಲ್, ಯುಗಾದಿ

ಅಕ್ಕ,

ವರ್ಷದ ಮೊದಲ ದಿನ ಮುನಿಸು ಬೇಡ ಎಂದು ಹೋಳಿಗೆ ಕಳಿಸಿದ್ದೇನೆ. ತಿನ್ನು. ಬೇವು ನಿನ್ನ ನಾಲಿಗೆಯಲ್ಲೇ ಇದೆ, ಅದನ್ನು ಬೇರೆ ಕಳಿಸಲಿಲ್ಲ.

ಡಬ್ಬಿಯ ಕೆಳಗೆ ಎರಡು ಪೊಟ್ಟಣ ಇವೆ. ಒಂದು ಬಲಗಾಲಿನ ಧೂಳು, ಒಂದು ಎಡಗಾಲಿನದು. ಯಾವ ಕಾಲು ಸಾಲದು ಎಂದು ಆಮೇಲೆ ತಕರಾರು ಬೇಡ. ನನ್ನ ಮಗಳು ಕೀರ್ತಿ ನೋಡಿ, "ಅಮ್ಮಾ, ನೀನೂ ದೊಡ್ಡಮ್ಮನೂ ಸೇರ್ಕೊಂಡು ನನ್ ಮಾನ ಕಳೀತೀರ. ಇದನ್ನ ಕಾಲೇಜಲ್ಲಿ ಹೇಳಿದ್ರೆ ನಗ್ತಾರೆ ಕಣಮ್ಮ" ಎಂದಳು. ನಗಲಿ ಬಿಡು. ಕೊಡದಿದ್ದರೆ ನೀನು ಸಾಯುವವರೆಗೂ ನನ್ನ ಕಾಲನ್ನೇ ನೋಡುತ್ತೀಯ.

ಯುಗಾದಿಗೆ ಒಂದು ಮಳೆಯಾದರೂ ಬರುತ್ತಿತ್ತು. ಈ ಸಲ ಮೋಡವೂ ಇಲ್ಲ.

ಎರಡೂ ಕಾಲಿನ ತಂಗಿ,
ಕೌಸಲ್ಯಾ


ಸೋಲದೇವನಹಳ್ಳಿ
೧೪ ಏಪ್ರಿಲ್

ಕೌಸಲ್ಯಾ,

ಹೋಳಿಗೆ ತಿಂದೆವು. ಹೂರಣ ಸ್ವಲ್ಪ ಗಟ್ಟಿಯಾಗಿತ್ತು.

ಶುಕ್ರವಾರ ಸಂಜೆ ಸಂಪಿಗೆಗೆ ನಿವಾಳಿಸಿ ಧೂಳು, ಉಪ್ಪು, ಮೆಣಸಿನಕಾಯಿ ಎಲ್ಲವನ್ನೂ ಕೆಂಡಕ್ಕೆ ಹಾಕಿದೆ. ಅಯ್ಯಯ್ಯೋ, ಎಂಥ ಘಾಟು ಎದ್ದಿತು! ನಿಮ್ಮ ಭಾವ ಕೆಮ್ಮಿ ಕೆಮ್ಮಿ ಬೀದಿಗೆ ಓಡಿದರು. ಮೇಲಿನ ರೂಮುಗಳಲ್ಲಿ ಬಾಡಿಗೆಗೆ ಇರುವ ಕಾಲೇಜು ಹುಡುಗಿಯರು ಕಿಟಕಿ ಬಡಿದುಕೊಂಡರು. ದೃಷ್ಟಿ ಇದ್ದರೆ ಮೆಣಸಿನಕಾಯಿ ಘಾಟು ಏಳುವುದಿಲ್ಲ, ಅದು ನಿನಗೂ ಗೊತ್ತು. ಘಾಟು ಎದ್ದಿತು. ಅಂದರೆ ಏನು? ನೀನು ಕಳಿಸಿದ್ದು ನಿನ್ನ ಕಾಲಧೂಳಲ್ಲ. ರಸ್ತೆಯ ಮಣ್ಣು ಬಾಚಿ ಕಟ್ಟಿ ಕಳಿಸಿದ್ದೀಯ.

ಇರಲಿ. ನನಗೂ ದಾರಿ ಗೊತ್ತು. ಕಂಡವರ ಕಣ್ಣಿಗೆ ಬೀಳುವುದರಿಂದಲ್ಲವೇ ಈ ಗೋಳು? ಇನ್ನು ಮೇಲೆ ಸಂಪಿಗೆ ಯಾರ ಕಣ್ಣಿಗೂ ಬೀಳುವುದಿಲ್ಲ. ಕೊಟ್ಟಿಗೆಯ ನಾಲ್ಕೂ ಕಡೆ ನೀಲಿ ಟಾರ್ಪಾಲು ಕಟ್ಟಿಸಿದ್ದೇನೆ. ಸಂದಿಗಳಿಗೆ ಗೋಣಿತಾಟು. ಹಾಲು ಕರೆಯುವಾಗ ನಾನೊಬ್ಬಳೇ ಒಳಗೆ. ಗುಲಾಮ್ ರಸೂಲ್‌ಗೂ ಹುಲ್ಲನ್ನು ಹೊರಗೇ ಇಳಿಸಲು ಹೇಳಿದ್ದೇನೆ.

"ನಮ್ಮಮ್ಮನ ಮನೇಲಿ ಕೆಂಪಿ ಎಷ್ಟು ಹಾಲು ಕೊಡ್ತಾಳೋ?" ಎಂದು ಅವನನ್ನು ಕೇಳಿದೆ. "ಅಕ್ಕ, ನಾನ್ ಹುಲ್ಲು ಮಾರೋನು, ಸುದ್ದಿ ಮಾರೋನಲ್ಲ" ಎಂದು ಗಾಡಿ ಸ್ಟಾರ್ಟ್ ಮಾಡಿದ. ನಿನ್ನ ಕಡೆಯವನೇ ಅವನು.

ಯಾರಿಗೂ ಹೆದರದ,
ರತ್ನ


ಅಮೃತಹಳ್ಳಿ
೨೨ ಏಪ್ರಿಲ್

ಅಕ್ಕ,

ಇದನ್ನು ಓದಿದ ಕೂಡಲೇ ಎದ್ದು ಹೋಗಿ ಆ ಟಾರ್ಪಾಲು ಕಿತ್ತು ಹಾಕು. ಆಮೇಲೆ ಕೂತು ಮಿಕ್ಕದ್ದನ್ನು ಓದು.

ಕೀರ್ತಿ ಮೊನ್ನೆ ಶನಿವಾರ ಕಾಲೇಜು ಮುಗಿಸಿ ನಿಮ್ಮ ಮನೆಗೆ ಬಂದಿದ್ದಳಲ್ಲ, ನೀನು ಅವಳನ್ನು ಕೊಟ್ಟಿಗೆಯ ಹತ್ತಿರ ಬಿಡಲಿಲ್ಲವಂತೆ. ಅವಳು ಹಿತ್ತಲಿಗೆ ಹೋದವಳು ಟಾರ್ಪಾಲಿನ ಸಂದಿಯಲ್ಲಿ ಕೈ ಹಾಕಿದಳಂತೆ. "ಅಮ್ಮಾ, ಇಡ್ಲಿ ಪಾತ್ರೆ ಮುಚ್ಚಳ ತೆಗ್ದಂಗಾಯ್ತು. ದೊಡ್ಡಮ್ಮ ಹಸೂನ ಬೇಯಿಸ್ತಿದಾರೆ" ಎಂದಳು. ಮೇಲೆ ತಗಡಿನ ಶೀಟು, ಸುತ್ತಲೂ ಪ್ಲಾಸ್ಟಿಕ್ಕು, ಒಳಗೆ ಗಬ್ಬದ ಹಸು. ಉಸಿರಾಡುವುದಾದರೂ ಹೇಗೆ ಅಕ್ಕ?

ಈಗ ಕೇಳು. ಕೆಂಪಿಯ ಹಾಲೂ ಇಳಿದಿದೆ. ಮಾರ್ಚಿನಲ್ಲೇ ಇಳಿದಿತ್ತು. ಸಂಪಿಗೆಯಷ್ಟು ಅಲ್ಲ, ಆದರೆ ಇಳಿದಿದೆ. ಮರದ ನೆರಳಲ್ಲಿ ಕಟ್ಟಿದರೂ ಮಧ್ಯಾಹ್ನ ಏದುಸಿರು ಬಿಡುತ್ತಾಳೆ. ನಮ್ಮ ಬೀದಿಯಲ್ಲಿ ಹಸು ಇರುವ ಮನೆಗಳಲ್ಲೆಲ್ಲ ಇದೇ ಕಥೆ. ತೊಟ್ಟೂ ಇಳಿದಿಲ್ಲ ಎಂದು ಬರೆದದ್ದು ಸುಳ್ಳು. ಗುಲಾಮ್ ರಸೂಲ್‌ಗೆ ಹೇಳಬೇಡ ಎಂದವಳೂ ನಾನೇ. ನಿನ್ನ ಎದುರು ಸೋಲಬಾರದು ಅನ್ನಿಸಿತು, ಅಷ್ಟೇ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಸ್ಪರ್ಧೆಯ ದಿನ ನನಗೆ ಹೊಟ್ಟೆ ಉರಿದದ್ದು ನಿಜ. ಆ ಕೆಚ್ಚಲು ಮುಟ್ಟಿದಾಗ, ಇದು ನನ್ನದಾಗಬಹುದಿತ್ತಲ್ಲ ಅನ್ನಿಸಿತು. ಆದರೆ ಹೊಟ್ಟೆ ಉರಿದ ಮಾತ್ರಕ್ಕೆ ಹಾಲು ಬತ್ತುವುದಾದರೆ ಬೆಂಗಳೂರಿನಲ್ಲಿ ಒಂದು ಹಸುವೂ ಕರೆಯುತ್ತಿರಲಿಲ್ಲ. ಮೊದಲು ಟಾರ್ಪಾಲು ತೆಗೆ.

ನಿನ್ನ ಕಾಲಿಗೆ ಬೀಳುವ,
ಕೌಸಲ್ಯಾ


ಸೋಲದೇವನಹಳ್ಳಿ
೨೫ ಏಪ್ರಿಲ್

ಕೌಸಲ್ಯಾ,

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹೊಟ್ಟೆ ಉರಿದದ್ದು ನಿಜ ಎಂದು ನೀನೇ ಬರೆದುಕೊಟ್ಟೆ. ಇನ್ನೇನು ಬೇಕು?

ಮೊನ್ನೆಯವರೆಗೆ ಒಂದು ತೊಟ್ಟೂ ಇಳಿದಿರಲಿಲ್ಲ, ನಾನು ಟಾರ್ಪಾಲು ಕಟ್ಟಿದ ಮೇಲೆ ಇದ್ದಕ್ಕಿದ್ದ ಹಾಗೆ ನಿನ್ನ ಹಾಲೂ ಇಳಿಯಿತಾ? ಆಗ ಸುಳ್ಳು ಹೇಳಿದ್ದೀಯೋ ಈಗ ಹೇಳುತ್ತಿದ್ದೀಯೋ, ನಾನು ಹೇಗೆ ನಂಬಲಿ? ಸಂಪಿಗೆ ನಿನ್ನ ಕಣ್ಣಿಗೆ ಬೀಳುತ್ತಿಲ್ಲವಲ್ಲ, ಅದು ನಿನಗೆ ತಡೆಯುತ್ತಿಲ್ಲ. ಮಗಳನ್ನು ಬೇರೆ ಕಳಿಸಿ ಇಣುಕಿಸುತ್ತೀಯ.

ಟಾರ್ಪಾಲು ತೆಗೆಯುವುದಿಲ್ಲ. ಇನ್ನೊಂದು ಪದರ ಹಾಕಿಸಿದ್ದೇನೆ.

ರತ್ನ


ಸೋಲದೇವನಹಳ್ಳಿ
೯ ಮೇ

ಕೌಸಲ್ಯಾ,

ಆ ಭಾನುವಾರ ನೀನೂ ಇದ್ದೆ, ಎಲ್ಲವನ್ನೂ ನೋಡಿದೆ. ಆದರೆ ನಾನು ಬಾಯಿ ಬಿಡಲಿಲ್ಲ. ಅವತ್ತು ಆಡಬೇಕಿದ್ದದ್ದನ್ನು ಇವತ್ತು ಬರೆಯುತ್ತಿದ್ದೇನೆ.

ಊಟದ ಹೊತ್ತಿಗೆ ನೀರು ಕುಡಿಸಲು ಟಾರ್ಪಾಲು ಸರಿಸಿದಾಗ ಸಂಪಿಗೆ ನೆಲಕ್ಕೆ ಬಿದ್ದಿದ್ದಳು. ಕತ್ತು ಚಾಚಿದ್ದಳು, ಕಣ್ಣು ಮೇಲೆ ಸಿಕ್ಕಿತ್ತು. ಮೈ ಮುಟ್ಟಿದರೆ ಕಾದ ಹೆಂಚು. ನಾನು ಕೂಗಿಕೊಂಡೆ. ನಿಮ್ಮ ಭಾವ ಆಣೆ ಇಟ್ಟಿರಲಿಲ್ಲವಲ್ಲ, ನಿನಗೆ ಫೋನ್ ಮಾಡಿದರು. ನಮ್ಮ ಡಾಕ್ಟರಿಗೂ ಮಾಡಿದರು, ಅವರು ಊರಿನಲ್ಲಿರಲಿಲ್ಲ.

ನೀನು ಕೆಂಪಿಯ ಡಾಕ್ಟರ್ ರುಮಾನಾ ಅವರನ್ನು ಹೆಬ್ಬಾಳದಿಂದ ಎಬ್ಬಿಸಿಕೊಂಡು ಆಟೋದಲ್ಲಿ ಬಂದೆ. ಕೈಯಲ್ಲಿ ಕುಡುಗೋಲು. ನನ್ನ ಮುಖ ಕೂಡ ನೋಡದೆ ಟಾರ್ಪಾಲಿನ ಹಗ್ಗಗಳನ್ನು ಕೊಯ್ದು ಹಾಕಿದೆ. ನಾಲ್ಕೂ ಕಡೆಯ ಟಾರ್ಪಾಲು ಕೆಳಗೆ ಬಿತ್ತು, ಬೀದಿಯವರೆಲ್ಲ ನಿಂತು ನೋಡಿದರು. ಯಾರು ಬೇಕಾದರೂ ನೋಡಿಕೊಳ್ಳಲಿ ಅನ್ನಿಸಿತು ನನಗೆ, ಆ ಹಸು ಒಂದು ಸಲ ಕಿವಿ ಆಡಿಸಿದರೆ ಸಾಕು ಅನ್ನಿಸಿತು.

"ಅಕ್ಕ, ನೀರು ತಾ." ತಂದೆ. "ಅಕ್ಕ, ತಲೆ ಮೇಲೆ ಉಯ್ಯಿ." ಉಯ್ದೆ. ನೀನು ಒಂದೇ ಸಮನೆ ಮಾತಾಡುತ್ತಿದ್ದೆ, ನಾನು ಒಂದು ಹೂಂ ಕೂಡ ಅನ್ನಲಿಲ್ಲ. ಸಂಪಿನ ನೀರು ಮುಗಿಯಿತು, ಕುಡಿಯುವ ಬಿಂದಿಗೆಗಳೂ ಮುಗಿದವು. ಮೇಲಿನ ರೂಮಿನ ಹುಡುಗಿಯರು ತಮ್ಮ ಬಕೆಟ್ಟುಗಳನ್ನು ಇಳಿಸಿ ಕೊಟ್ಟರು. ಡಾಕ್ಟರ್ ಸಲೈನ್ ಏರಿಸುತ್ತಾ ಹೇಳಿದರು, "ಅಮ್ಮಾ, ಈ ಜಾತಿ ಹಸು ತಂಪು ದೇಶದ್ದು. ನಮಗೆ ಸೆಕೆ ಅನ್ನಿಸೋಕ್ ಮುಂಚೇನೇ ಅದಕ್ಕೆ ಸೆಕೆ. ಹಾಲು ಜಾಸ್ತಿ ಕೊಡೋ ಹಸೂಗೆ ಇನ್ನೂ ಕಷ್ಟ. ಮುಂಚೆ ನಮ್ಮೂರಿನ ಹವೆ ತಡ್ಕೋತಿತ್ತು, ಈಗ ವರ್ಷ ವರ್ಷಕ್ಕೂ ಬಿಸ್ಲು ಏರ್ತಿದೆ. ಗಾಳಿ ಬೇಕು, ನೆರಳು ಬೇಕು. ಇಲ್ಲೊಂದು ಮರ ಇರ್ಲಿಲ್ವಾ?" ಇತ್ತು. ಬೇವಿನ ಮರ. ರೂಮು ಕಟ್ಟಲು ಕಡಿಸಿದೆವು. ಅದನ್ನೂ ನಾನು ಹೇಳಲಿಲ್ಲ, ನಿಮ್ಮ ಭಾವ ಹೇಳಿದರು.

ಸಂಜೆಗೆ ಸಂಪಿಗೆ ಎದ್ದು ನಿಂತಳು. ನೀನು ಹೊರಡುವಾಗ ಒಂದೇ ಒಂದು ಮಾತು ಕೇಳಿದೆ. "ಯಾಕಕ್ಕ ಇಂಗ್ ಮುಚ್ಚಿಟ್ಟೆ?" ನಾನು ಆಣೆಯ ಹಿಂದೆ ಅಡಗಿಕೊಂಡೆ. ನಾಲಿಗೆಯ ತುದಿಯಲ್ಲಿ ಇದ್ದದ್ದು ಇದು. ನಿನಗೆ ಕಾಣಬಾರದು ಎಂದು ಮುಚ್ಚಿದೆ. ನಿನ್ನ ಹತ್ತಿರ ಇಲ್ಲದ್ದು ನನ್ನ ಹತ್ತಿರ ಇದ್ದದ್ದು ಅದೊಂದೇ.

ಮಾರನೇ ದಿನ ಕರು ಬಿದ್ದುಹೋಯಿತು. ಏಳು ತಿಂಗಳದ್ದು. ಹೆಣ್ಣುಗರು, ಹಣೆಯ ಮೇಲೆ ತಾಯಿಯ ಹಾಗೇ ಬಿಳಿ ಬೊಟ್ಟು. ಸಂಪಿಗೆ ಅದನ್ನು ನೆಕ್ಕಿ ನೆಕ್ಕಿ ಎಬ್ಬಿಸಲು ನೋಡಿದಳು.

ಸಿಟ್ಟೂ ಇದೆ ಕೌಸಲ್ಯಾ, ಅದನ್ನೂ ಬರೆಯುತ್ತೇನೆ. ಕೆಂಪಿಯ ಹಾಲು ಇಳಿದದ್ದನ್ನು ನೀನು ಮಾರ್ಚಿನಲ್ಲೇ ಹೇಳಿದ್ದರೆ ನಾನು ನಿಮ್ಮ ಭಾವನ ಮಾತು ಕೇಳುತ್ತಿದ್ದೆ. ಬಿಸಿಲು ಎಂದು ಒಪ್ಪಿಕೊಳ್ಳುತ್ತಿದ್ದೆ. ಈಗ ಅವರು ಸಂಪಿಗೆಯನ್ನು ಮಾರಿಬಿಡೋಣ ಎನ್ನುತ್ತಿದ್ದಾರೆ. ದಲ್ಲಾಳಿ ಬಂದು ನೋಡಿ ಹೋದ.

ಬಾಯಿ ಕಟ್ಟಿಕೊಂಡ ನಿನ್ನ ಅಕ್ಕ,
ರತ್ನ


ಅಮೃತಹಳ್ಳಿ
೧೫ ಮೇ

ಅಕ್ಕ,

ನೀನು ಬರೆದದ್ದು ಸರಿ. ನನ್ನ ಒಂದು ಸುಳ್ಳಿಗೆ ನಿನ್ನ ಕರು ಹೋಯಿತು. ಕೆಂಪಿಯನ್ನು ನೋಡಿದಾಗಲೆಲ್ಲ ಆ ಬಿಳಿ ಬೊಟ್ಟು ಕಣ್ಣ ಮುಂದೆ ಬರುತ್ತದೆ. ನಾನು ಅದನ್ನು ನೋಡಿಯೇ ಇಲ್ಲ, ಆದರೂ ಬರುತ್ತದೆ.

ಸಂಪಿಗೆಯನ್ನು ಮಾರಬೇಡ. ಆ ದಲ್ಲಾಳಿಗಳು ಎಲ್ಲಿಗೆ ಹೊಡೆದುಕೊಂಡು ಹೋಗುತ್ತಾರೆ ಎಂದು ನಿನಗೂ ಗೊತ್ತು, ನನಗೂ ಗೊತ್ತು. ಶೀಟಿನ ಮೇಲೆ ತೆಂಗಿನ ಗರಿ ದಪ್ಪಗೆ ಹೊದಿಸು, ಬೆಳಿಗ್ಗೆ ಸಂಜೆ ಮೈಗೆ ನೀರು ಹಾಕು. ಮಳೆಯೂ ಬಂದಿದೆ, ತಣ್ಣಗಾದಳು ಎಂದುಕೊಳ್ಳುತ್ತೇನೆ. ಭಾವನವರಿಗೆ ನಾನು ಹೇಳಿದೆ ಎಂದು ಹೇಳು. ಮಾರಿದರೆ ನಾನೂ ಮಾರಮ್ಮನ ಮುಂದೆ ಕರ್ಪೂರ ಹಚ್ಚುತ್ತೇನೆ, ಬರೆಯುವುದನ್ನೂ ನಿಲ್ಲಿಸುತ್ತೇನೆ.

ತಲೆ ತಗ್ಗಿಸಿದ,
ಕೌಸಲ್ಯಾ


ಅಮೃತಹಳ್ಳಿ
೧೧ ಆಗಸ್ಟ್

ಅಕ್ಕ,

ಜೂನಿನಲ್ಲಿ ಬರೆದೆ, ಜುಲೈನಲ್ಲಿ ಬರೆದೆ, ನೀನು ಉತ್ತರ ಕೊಡಲಿಲ್ಲ. ಸಂಪಿಗೆ ಇದ್ದಾಳೆ ಎಂದು ಗುಲಾಮ್ ರಸೂಲ್ ಹೇಳುತ್ತಾನೆ. ಈಗ ಅವನು ಸುದ್ದಿಯನ್ನೂ ಮಾರುತ್ತಾನೆ.

ಹೇಗೆ ಬರೆಯಲಿ ಎಂದು ಎರಡು ದಿನ ಯೋಚಿಸಿದೆ. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನಾನೇ ಹೇಳುವುದು ವಾಸಿ. ಕೆಂಪಿ ಕರು ಹಾಕಿದಳು. ಹೆಣ್ಣುಗರು. ತಾಯಿ ಕರು ಎರಡೂ ಚೆನ್ನಾಗಿವೆ.

ಈ ಡಬ್ಬಿಯಲ್ಲಿರುವುದು ಮೊದಲ ಹಾಲಿನ ಗಿಣ್ಣು. ಬೆಲ್ಲ ಏಲಕ್ಕಿ ಹಾಕಿ ಅಮ್ಮ ಮಾಡುತ್ತಿದ್ದ ಹಾಗೇ ಮಾಡಿದ್ದೇನೆ. ಮನೆಯಲ್ಲಿ ಯಾವ ಹಸು ಈದರೂ ಮೊದಲ ಗಿಣ್ಣು ದೊಡ್ಡ ಮಗಳ ಮನೆಗೆ ಎಂದು ಅಮ್ಮ ಪದ್ಧತಿ ಮಾಡಿದ್ದಳು. ನನಗೆ ಅದು ಯಾವತ್ತೂ ಇಷ್ಟವಿರಲಿಲ್ಲ, ಚಿಕ್ಕವಳಿದ್ದಾಗ ಅದಕ್ಕಾಗಿ ಅತ್ತಿದ್ದೇನೆ. ಆದರೂ ಕಳಿಸುತ್ತಿದ್ದೇನೆ. ಬೇಡವಾದರೆ ಡಬ್ಬಿ ವಾಪಸ್ ಕಳಿಸು, ಬೇಜಾರಿಲ್ಲ.

ನಿನ್ನ,
ಕೌಸಲ್ಯಾ


ಸೋಲದೇವನಹಳ್ಳಿ
೧೬ ಆಗಸ್ಟ್

ಕೌಸಲ್ಯಾ,

ಗಿಣ್ಣು ತಿಂದೆ. ಅಮ್ಮನ ಕೈರುಚಿ ನಿನ್ನ ಕೈಗೂ ಬಂದಿದೆ, ಅದಕ್ಕೂ ಹೊಟ್ಟೆ ಉರಿಯಿತು.

ಉತ್ತರ ಬರೆಯದಿದ್ದದ್ದು ಯಾಕೆಂದರೆ ಬರೆಯಲು ಏನೂ ಇರಲಿಲ್ಲ. ಸಂಪಿಗೆ ಈಗ ಕೊಡುವ ಹಾಲು ಮನೆಯ ಕಾಫಿಗೆ ಆಗಿ ಒಂದು ಚೊಂಬು ಮಿಗುತ್ತದೆ. ಡೈರಿಗೆ ಹೋಗುವುದನ್ನೇ ಬಿಟ್ಟಿದ್ದೇನೆ. ನಿನಗೆ ಹೊಟ್ಟೆ ಉರಿಸಲು ನನ್ನ ಹತ್ತಿರ ಏನೂ ಉಳಿದಿಲ್ಲ. ಹೇಳಿದರೆ ನಗುತ್ತೀಯ, ಹಾಲಿಗಿಂತ ಅದೇ ನನಗೆ ದೊಡ್ಡ ನಷ್ಟ ಅನ್ನಿಸುತ್ತದೆ.

ಒಂದು ವಿಷಯ ನಿನಗೆ ಗೊತ್ತಿಲ್ಲ. ನಿನ್ನೆ ನಾನು ಅಮೃತಹಳ್ಳಿಗೆ ಬಂದಿದ್ದೆ. ಯಲಹಂಕದಲ್ಲಿ ಬಸ್ಸು ಬದಲಾಯಿಸಿ, ಕೈಯಲ್ಲಿ ನಿನ್ನ ಡಬ್ಬಿ ಹಿಡಿದು, ಅದರಲ್ಲಿ ಚಕ್ಕುಲಿ ತುಂಬಿಕೊಂಡು ಬಂದಿದ್ದೆ. ಗೇಟಿನ ಹೊರಗೆ ನಿಂತೆ. ನೀನು ಬೆನ್ನು ಹಾಕಿ ಕೆಂಪಿಯ ಮೈ ಉಜ್ಜುತ್ತಿದ್ದೆ. ಹೊಂಗೆ ಮರದ ಕೆಳಗೆ ಆ ಕರು ಬಾಲ ಎತ್ತಿಕೊಂಡು ಕುಣಿಯುತ್ತಿತ್ತು. ಕೊರಳಲ್ಲಿ ದೃಷ್ಟಿಗೆಂದು ಕರಿದಾರ ಕಟ್ಟಿದ್ದೀಯ. ಯಾರ ದೃಷ್ಟಿಗೆ ಎಂದು ನನಗೆ ಗೊತ್ತು. ಸರಿಯಾಗೇ ಕಟ್ಟಿದ್ದೀಯ.

ನೋಡುತ್ತಾ ನಿಂತವಳ ಮೈಯೆಲ್ಲ ಉರಿಯಿತು. ಇದು ಯಾಕೆ ಬದುಕಿತು, ನನ್ನದು ಯಾಕೆ ಸತ್ತಿತು ಎಂದುಕೊಂಡೆ. ಒಂದು ವಾರದ ಕರುವಿನ ಮೇಲೆ! ಎಂಥ ಕಣ್ಣು ನನ್ನದು, ನೋಡು. ಗೇಟು ತೆಗೆಯಲು ಹೆದರಿಕೆಯಾಗಿ ಹಾಗೇ ವಾಪಸ್ ಬಂದೆ.

ಆದರೆ ನೋಡಿದ್ದಂತೂ ನೋಡಿಯಾಯಿತು. ಅದಕ್ಕೇ ಈ ಕಾಗದದ ಜೊತೆ ಎರಡು ಪೊಟ್ಟಣ ಇಟ್ಟಿದ್ದೇನೆ. ಬಲಗಾಲಿನದು, ಎಡಗಾಲಿನದು. ರಸ್ತೆಯ ಮಣ್ಣಲ್ಲ, ನನ್ನದೇ. ಸಂಜೆ ದೀಪ ಹಚ್ಚುವ ಮೊದಲು ಆ ಕೂಸಿಗೆ ನಿವಾಳಿಸಿ ಹಾಕು. ತಡ ಮಾಡಬೇಡ.

ಅಕ್ಕ,
ರತ್ನ


ಅಮೃತಹಳ್ಳಿ
೧೯ ಆಗಸ್ಟ್

ಅಕ್ಕ,

ಚಕ್ಕುಲಿ ಏನಾಯಿತು? ಭಾವನವರು ತಿಂದರಾ?

ಪೊಟ್ಟಣ ಎರಡೂ ತಲುಪಿದವು. ಬಿಚ್ಚಿ ಹೊಂಗೆ ಮರದ ಬುಡಕ್ಕೆ ಹಾಕಿ ನೀರು ಬಿಟ್ಟೆ. ನಿನ್ನ ಕಾಲಧೂಳು ಈ ಮನೆಯ ಅಂಗಳಕ್ಕೆ ಹೊಸದಲ್ಲ, ಹುಟ್ಟಿದಾಗಿನಿಂದ ಇಲ್ಲೇ ಬಿದ್ದಿದೆ.

ಕರುವಿನ ಕೊರಳಿನ ಕರಿದಾರ ನಿನಗೆಂದೇ ಕಟ್ಟಿದ್ದೆ. ಸುಳ್ಳು ಹೇಳಿ ಹೇಳಿ ಸಾಕಾಗಿದೆ. ಗಿಣ್ಣು ಕಳಿಸಿದ ದಿನವೇ ಕಟ್ಟಿದೆ. ಅಕ್ಕನ ಕರು ಸತ್ತಿದೆ, ಅಕ್ಕ ಇದನ್ನು ನೋಡಿದರೆ ತಡೆಯುತ್ತಾ ಎಂದು ಹೆದರಿ ಕಟ್ಟಿದೆ. ನಿನ್ನ ಟಾರ್ಪಾಲಿಗೂ ನನ್ನ ದಾರಕ್ಕೂ ಏನು ವ್ಯತ್ಯಾಸ ಹೇಳು?

ನಿನ್ನ ಕಾಗದ ಓದಿ ಮುಗಿಸಿ ಕತ್ತರಿ ತಂದು ದಾರ ಕತ್ತರಿಸಿಬಿಟ್ಟೆ. ಕೀರ್ತಿ ಸಾಕ್ಷಿ. ಈಗ ಕರು ಬರೀ ಕೊರಳಲ್ಲಿ ನಿಂತಿದೆ. ಬಂದು ನೋಡು. ಹೊಟ್ಟೆ ಉರಿದರೂ ಬಾ. ಉರಿಯುತ್ತದೆ ಎಂದು ಅಕ್ಕ ಮನೆಗೆ ಬಾರದೆ ಇರುವುದಕ್ಕಿಂತ, ಉರಿದುಕೊಂಡು ನನ್ನ ಅಂಗಳದಲ್ಲಿ ಕೂತಿರುವುದು ನನಗೆ ವಾಸಿ.

ಬರುವಾಗ ಸಂಪಿಗೆಯನ್ನೂ ಕರೆದುಕೊಂಡು ಬಾ. ಗುಲಾಮ್ ರಸೂಲ್ ಗಾಡಿಯಲ್ಲಿ ಹತ್ತಿಸುತ್ತಾನೆ, ಮಾತಾಡಿದ್ದೇನೆ. ಬರುವ ಬೇಸಿಗೆ ಇನ್ನೂ ಜೋರಂತೆ, ಡಾಕ್ಟರ್ ರುಮಾನಾ ಹೇಳುತ್ತಿದ್ದರು. ನಿನ್ನ ತಗಡಿನ ಕೆಳಗೆ ಅವಳು ಇನ್ನೊಂದು ಬೇಸಿಗೆ ತಡೆಯುವುದಿಲ್ಲ. ಅಮ್ಮನ ಮರದ ನೆರಳು ಎರಡು ಹಸುವಿಗೆ ಆಗುತ್ತದೆ. ಎರಡೂ ಅಲ್ಲೇ ಕಟ್ಟಿಸಿಕೊಂಡು ಬೆಳೆದವು. ಹಾಲು ನಿನ್ನದೇ, ನಾನು ಮುಟ್ಟುವುದಿಲ್ಲ. ಬೇಕಾದರೆ ದಿನಾ ಬಂದು ನೀನೇ ಕರೆದುಕೋ.

ಕಾಯುತ್ತಿರುವ,
ಕೌಸಲ್ಯಾ


ಸೋಲದೇವನಹಳ್ಳಿ
೨೨ ಆಗಸ್ಟ್

ಕೌಸಲ್ಯಾ,

ಚಕ್ಕುಲಿ ನಾನೇ ತಿಂದೆ, ಬಸ್ಸಿನಲ್ಲಿ ಅಳುತ್ತಾ ತಿಂದೆ.

ಈ ಚೀಟಿಯನ್ನು ನಾನೇ ತಂದು ಗೇಟಿನ ಸಂದಿಯಲ್ಲಿ ಒಳಗೆ ಕೊಡುತ್ತೇನೆ, ಓದಿ ಆಮೇಲೆ ಗೇಟು ತೆಗೆ. ಗುಲಾಮ್ ರಸೂಲ್ ಗಾಡಿ ತಂದು ನಿಲ್ಲಿಸಿದ್ದಾನೆ. ಸಂಪಿಗೆ ಹತ್ತಲು ಹಟ ಮಾಡಿದಳು, ನಿಮ್ಮ ಭಾವ ಹಿಂದಿನಿಂದ ತಳ್ಳಿ ಹತ್ತಿಸಿದರು. ಈಗ ಸುಮ್ಮನೆ ನಿಂತು ಹೊರಗೆ ನೋಡುತ್ತಿದ್ದಾಳೆ. ಗಾಡಿಗೆ ಟಾರ್ಪಾಲು ಬೇಡ ಎಂದೆ. ದಾರಿಯುದ್ದಕ್ಕೂ ಯಾರು ಬೇಕಾದರೂ ನೋಡಲಿ.

ಕರಿದಾರ ಕತ್ತರಿಸಿದೆ ಎಂದು ಓದಿದ ಮೇಲೆ ನಿನ್ನ ಮೇಲೆ ಇನ್ನೂ ಹೊಟ್ಟೆ ಉರಿಯಿತು. ಅದನ್ನು ಮೊದಲು ಮಾಡಬೇಕಿದ್ದವಳು ದೊಡ್ಡವಳಾದ ನಾನು. ಅದರಲ್ಲೂ ನೀನೇ ಗೆದ್ದೆ.

ನನ್ನ ಆಣೆಯ ವಿಷಯ. ನಾಲಿಗೆ ಸೇದಿಹೋದರೆ ಹೋಗಲಿ, ಮಾರಮ್ಮನಿಗೂ ಅಕ್ಕತಂಗಿಯರಿದ್ದಾರೆ. ಗೇಟು ತೆಗೆದ ಕೂಡಲೇ ಮೊದಲ ಮಾತು ಏನು ಆಡುತ್ತೇನೆ ಎಂದು ಈಗಲೇ ಹೇಳಿರುತ್ತೇನೆ, ಆಮೇಲೆ ಬೆಚ್ಚಿಬೀಳಬೇಡ. ಥೂ ಥೂ ಎನ್ನುವುದಿಲ್ಲ. ನೆಲದ ಮಣ್ಣು ಮುಟ್ಟುವುದಿಲ್ಲ. ನಿನ್ನ ಕರುವನ್ನು ಕಣ್ಣು ತುಂಬ ನೋಡಿ, ಬೀದಿಗೆಲ್ಲ ಕೇಳುವ ಹಾಗೆ, "ಅಬ್ಬಬ್ಬಾ, ಎಂಥಾ ಕರು ಕಣೇ ಇದು!" ಎನ್ನುತ್ತೇನೆ. ಹೊಟ್ಟೆ ಉರಿದುಕೊಂಡೇ ಎನ್ನುತ್ತೇನೆ. ತಡೆದುಕೋ.

ಬಂದೆ,
ನಿನ್ನ ಅಕ್ಕ